ಲೇಸರ್ ಕೋಣೆಯಲ್ಲಿ ಊರ ದಾರಿ ಹೇಳುವ ದುಂಡವ್ವ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜಯನಗರದ ಅಡ್ಡರಸ್ತೆಯೊಂದರಲ್ಲಿ ಹಾಲಿನ ಬೂತಿನ ಮುಂದೆ ಕ್ರೇಟು ಇಳಿಸುವ ಸದ್ದು ಬಿಟ್ಟರೆ ಬೇರೆ ಸುದ್ದಿಯಿಲ್ಲ. ಎದುರಿನ ಸ್ಕ್ಯಾನಿಂಗ್ ಸೆಂಟರಿನ ಷಟರ್ ಅರ್ಧ ಎದ್ದಿದೆ. ಒಳಗೆ ದುಂಡವ್ವ ಸ್ಟೀಲ್ ಬೋಗುಣಿಗೆ ಬಿಸಿನೀರು ಸುರಿದು, ಜೆಲ್ ಬಾಟಲಿಗಳನ್ನು ಅದರೊಳಗೆ ನಿಲ್ಲಿಸುತ್ತಿದ್ದಾರೆ. ತಣ್ಣನೆಯ ಜೆಲ್ ಹೊಟ್ಟೆಗೆ ತಾಗಿದರೆ ಬಸುರಿ ಬೆಚ್ಚುತ್ತಾಳೆ. ಬೆಚ್ಚಿದ ಜೀವ ತಹಬಂದಿಗೆ ಬರಲು ಹೊತ್ತು ಹಿಡಿಯುತ್ತದೆ. ಒಂದು ಬಾಟಲಿ ಎತ್ತಿ ಕೆನ್ನೆಗೆ ಒತ್ತಿ ನೋಡುತ್ತಾರೆ. ಸಾಲದು. ಮತ್ತೆ ನೀರಿಗೆ ಬಿಡುತ್ತಾರೆ. ಕೂರುತ್ತಾರೆ, ಏಳುತ್ತಾರೆ, ಒರೆಸಿದ ಮಂಚವನ್ನೇ ಇನ್ನೊಮ್ಮೆ ಒರೆಸುತ್ತಾರೆ.

ಆಮೇಲೆ ಬಳೆ ತೆಗೆಯುವ ಕೆಲಸ. ಹಸಿರು ಗಾಜಿನ ಬಳೆಗಳನ್ನು ಒಂದೊಂದೇ ಜಾರಿಸಿ ಬಿಸ್ಕತ್ತಿನ ಡಬ್ಬಿಗೆ ಹಾಕಿ, ಬರಿಗೈಗೆ ಅರಿಶಿನದ ಕೊಂಬು ಕಟ್ಟಿದ ದಾರ ಸುತ್ತಿಕೊಳ್ಳುತ್ತಾರೆ. ಕತ್ತಲ ಕೋಣೆಯಲ್ಲಿ ಬಳೆ ಸದ್ದಾಗಿ ಮಂಚದ ಮೇಲಿನ ಹೆಣ್ಣುಮಗಳು ಅತ್ತ ಹೊರಳಬಾರದಲ್ಲ, ಅದಕ್ಕೆ. ಮೊದಮೊದಲು ಗಂಡ ದ್ಯಾಮಣ್ಣ ಇದಕ್ಕೆ ರೇಗಿದ್ದುಂಟು. ನಾನು ಗುಂಡುಕಲ್ಲಿನ ಹಾಗೆ ಬದುಕಿರುವಾಗ ಬಳೆ ತೆಗೆಯುತ್ತೀಯಲ್ಲ ಎಂದು ಎರಡು ದಿನ ಮಾತು ಬಿಟ್ಟಿದ್ದರಂತೆ. ಅರಿಶಿನದ ದಾರ ಆ ಜಗಳದ ರಾಜಿ.

ಬಳೆ ಡಬ್ಬಿ ಸೇರಿತೆಂದರೆ ಇವತ್ತು ಲೇಸರ್ ಇದೆ ಎಂದೇ ಅರ್ಥ.

ದುಂಡವ್ವ ನರ್ಸ್ ಅಲ್ಲ. ಇಲ್ಲಿ ಅವರು ಆಯಾ. ಕಸ, ನೆಲ, ಹಾಸಿಗೆಬಟ್ಟೆ, ಬಿಸಿನೀರು, ದಿನಕ್ಕೆ ಮೂವತ್ತು ನಲವತ್ತು ಬಸುರಿಯರ ಕೈಹಿಡಿದು ಮಂಚ ಹತ್ತಿಸಿ ಇಳಿಸುವುದು, ಇವೆಲ್ಲ ಅವರ ಪಾಲಿನವು. ಆದರೆ ತಿಂಗಳಲ್ಲಿ ಒಂದೆರಡು ಬಾರಿ, ಅವಳಿಗಳ ಮೇಲೆ ಲೇಸರ್ ಚಿಕಿತ್ಸೆ ನಡೆಯುವ ಬೆಳಗ್ಗೆ, ತಾಯಿಯ ತಲೆದೆಸೆಯ ಸ್ಟೂಲ್ ಅವರದು. ಅಲ್ಲಿ ಅವರ ಕೆಲಸ ಮಾತಾಡುವುದು.

ಕೆಲವು ಅವಳಿಗಳು ತದ್ರೂಪಿಗಳು. ಹೊಕ್ಕುಳಬಳ್ಳಿ ಕೂಡುವ ಮಾಸು ಇಬ್ಬರಿಗೂ ಒಂದೇ. ಆ ಮಾಸಿನ ಮೈಮೇಲೆ ಇಬ್ಬರ ರಕ್ತನಾಳಗಳೂ ಹರಡಿಕೊಂಡು, ಕೆಲವೊಮ್ಮೆ ಒಂದಕ್ಕೊಂದು ಸೇರಿಬಿಡುತ್ತವೆ. ಆಗ ಒಂದು ಕೂಸಿನ ರಕ್ತ ಇನ್ನೊಂದಕ್ಕೆ ಹರಿಯತೊಡಗುತ್ತದೆ. ಕೊಡುವ ಕೂಸು ಬತ್ತುತ್ತದೆ. ಅದರ ಸುತ್ತಲಿನ ನೀರು ಇಂಗಿ, ಒದ್ದೆ ಬಟ್ಟೆ ಸುತ್ತಿಟ್ಟಂತೆ ಗರ್ಭದ ಗೋಡೆಗೆ ಅಂಟಿಕೊಳ್ಳುತ್ತದೆ. ಪಡೆಯುವ ಕೂಸಿಗೂ ಸುಖವಿಲ್ಲ. ಬೇಡದ ರಕ್ತವನ್ನೆಲ್ಲ ತಳ್ಳಿ ತಳ್ಳಿ ಅದರ ಪುಟ್ಟ ಹೃದಯ ದಪ್ಪಗಾಗುತ್ತದೆ, ಕವಾಟ ಸೋರುತ್ತದೆ, ಸುತ್ತ ನೀರು ಉಕ್ಕುತ್ತದೆ. ಹಾಗೇ ಬಿಟ್ಟರೆ ಎರಡೂ ದಕ್ಕುವುದು ಅಪರೂಪ. ವೈದ್ಯರು ತಾಯಿಯ ಹೊಟ್ಟೆಯ ಮೇಲೆ ಮೆಣಸಿನ ಕಾಳಿನಷ್ಟು ತೂತು ಮಾಡಿ, ತೆಳ್ಳನೆಯ ಕೊಳವೆ ಇಳಿಸಿ, ಕೂಡಿಕೊಂಡ ನಾಳಗಳನ್ನು ಲೇಸರ್ ಕಿರಣದಿಂದ ಒಂದೊಂದಾಗಿ ಸುಟ್ಟು ಮುಚ್ಚುತ್ತಾರೆ.

ಅಷ್ಟೂ ಹೊತ್ತು ತಾಯಿ ಎಚ್ಚರವಾಗಿರುತ್ತಾಳೆ. ಮರಗಟ್ಟಿಸಿರುವುದು ಹೊಟ್ಟೆಯ ಒಂದು ಕಡೆ ಮಾತ್ರ. ಅವಳು ಬಿಕ್ಕಿದರೂ, ನಕ್ಕರೂ, ಕೆಮ್ಮಿದರೂ ಹೊಟ್ಟೆ ಕುಲುಕುತ್ತದೆ. ಸುಡಬೇಕಾದದ್ದು ತಪ್ಪಿ ಸುಡಬಾರದ್ದು ಕಿರಣದೆದುರು ಬರುತ್ತದೆ.

‘‘ನಗಸಬಾರ್ದು, ಅಳಸಬಾರ್ದು, ಹೆದರಸಬಾರ್ದು. ಹಂತಾ ಕತಿ ಯಾವುದೈತ್ರಿ?’’ ಎಂದು ದುಂಡವ್ವ ಕೇಳುತ್ತಾರೆ. ‘‘ರಾಜಾ ರಾಣಿ ಕತ್ಯಾಗ ರಾಕ್ಷಸ ಬಂದ ಬರ್ತಾನ. ದೇವರ ಕತಿ ಹೇಳಿದ್ರ ಕಣ್ಣಾಗ ನೀರು ತರ್ತಾರ. ಅದಕ್ಕ ನಾ ದಾರಿ ಹೇಳ್ತೀನಿ. ಬಸ್ ಇಳದಲ್ಲಿಂದ ಅವರ ಮನೀ ಮಟ.’’

ಅವರವರ ಊರಿನ ದಾರಿ. ಬೆಳಗ್ಗೆ ಜೆಲ್ ಬೆಚ್ಚಗಾಗುವಷ್ಟರಲ್ಲಿ ದುಂಡವ್ವ ಆ ಹೆಣ್ಣುಮಗಳ ಬಾಯಿಂದಲೇ ದಾರಿ ಕೇಳಿಟ್ಟುಕೊಳ್ಳುತ್ತಾರೆ. ಬಸ್ಸು ಎಲ್ಲಿ ನಿಲ್ಲುತ್ತದೆ, ಮೊದಲು ಯಾರ ಅಂಗಡಿ, ಯಾವ ತಿರುವು, ಯಾರ ಮನೆ ನಾಯಿ ಬೊಗಳುತ್ತದೆ. ಕೊನೆಗೊಂದು ಪ್ರಶ್ನೆ ಉಂಟು: ಯಾವ ಬಾಗಿಲ ಮುಂದೆ ನಿಲ್ಲದೆ ಹೋಗಬೇಕು? ಹಿಂದೊಮ್ಮೆ ಯಾವಳೋ ಸತ್ತ ಗೆಳತಿಯ ಮನೆ ದಾಟುವಾಗ ಬಿಕ್ಕಿದ ಮೇಲೆ ಸೇರಿಸಿಕೊಂಡ ಪ್ರಶ್ನೆ ಅದು. ಮತ್ತೆ ಕತ್ತಲ ಕೋಣೆಯಲ್ಲಿ ಅದೇ ದಾರಿಯನ್ನು, ಮಂದ ದನಿಯಲ್ಲಿ, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಹೇಳುತ್ತ ಹೋಗುತ್ತಾರೆ. ತನ್ನ ದಾರಿಯನ್ನು ಇನ್ನೊಬ್ಬರ ಬಾಯಲ್ಲಿ ಕೇಳುವಾಕೆ ಎಲ್ಲಿ ತಪ್ಪೀತೋ ಎಂದು ಉಸಿರು ಸಣ್ಣ ಮಾಡಿ ಕಿವಿ ಕೊಡುತ್ತಾಳೆ. ಹಳ್ಳಿಯವರಿಗಷ್ಟೇ ಅಲ್ಲ ಇದು. ಸಿದ್ದಾಪುರದ ಹೆಣ್ಣುಮಗಳೊಬ್ಬಳಿಗೆ ಲಾಲ್‌ಬಾಗ್ ಗೇಟಿನಿಂದ ಹಾಸಿಗೆ ಹೊಲಿಯುವವನ ಅಂಗಡಿ, ಮಸೀದಿ, ಬೇಕರಿ ದಾಟಿಸಿ ಅವಳ ಗಲ್ಲಿಗೆ ಒಯ್ದದ್ದನ್ನು ದುಂಡವ್ವ ನೆನೆಯುತ್ತಾರೆ.

ಮನೆಯ ಒಳಗೆ ಮಾತ್ರ ಕರೆದೊಯ್ಯುವುದಿಲ್ಲ. ಒಂದು ಮನೆ ಮುಂಚೆಯೇ ದಾರಿ ನಿಲ್ಲಿಸುತ್ತಾರೆ. ಉಳಿದ ನಾಲ್ಕು ಹೆಜ್ಜೆ ತಾಯಿ ತನ್ನ ಮಕ್ಕಳನ್ನು ಎತ್ತಿಕೊಂಡು ತಾನೇ ನಡೆಯಬೇಕು. ಅದು ಅವರ ನೇಮ.

ರೋಣದ ಕಡೆಯ ಹಳ್ಳಿಯ ದುಂಡವ್ವ ತೊಂಬತ್ತೆರಡರಲ್ಲಿ ಬೆಂಗಳೂರಿಗೆ ಬಂದವರು. ದ್ಯಾಮಣ್ಣ ಕಲ್ಲು ಕೆಲಸದವರು. ಬಿಟಿಎಂ ಲೇಔಟಿನಲ್ಲಿ ಸೈಟುಗಳಿಗೆಲ್ಲ ಚಪ್ಪಡಿ ಕಲ್ಲಿನ ಕಾಂಪೌಂಡು ನಿಲ್ಲಿಸುತ್ತಿದ್ದ ಕಾಲ. ಕಲ್ಲಿನ ಲಾರಿಯ ಹಿಂದೆ ಬಂದ ಸಂಸಾರ ಅಲ್ಲೇ ಬಾಡಿಗೆ ಕೋಣೆ ಹಿಡಿಯಿತು. ಕಲ್ಲಿನ ದೂಳು ದ್ಯಾಮಣ್ಣನ ಎದೆಗಿಳಿದ ಮೇಲೆ ಅವರು ಅಪಾರ್ಟ್‌ಮೆಂಟೊಂದರ ಕಾವಲಿಗೆ ಸೇರಿದರು; ದುಂಡವ್ವ ತಿಲಕ್‌ನಗರದ ಹೆರಿಗೆ ಮನೆಯೊಂದಕ್ಕೆ ಕಸ ಗುಡಿಸಲು ಹೋದರು. ನೋವು ತಿನ್ನುವವರ ಸೊಂಟ ನೀವುತ್ತ ಕೂರುವುದನ್ನು ಅಲ್ಲಿ ಕಲಿತು, ಆಮೇಲೆ ಈ ಸೆಂಟರಿಗೆ ಬಂದರು. ಬೆಳಗಿನ ಮೊದಲ ಬಸ್ಸು, ಹಣೆಗೆ ವಿಭೂತಿ, ಬಾಯಲ್ಲಿ ಶಿವನ ಹೆಸರು. ಹದಿನೇಳು ವರ್ಷದಿಂದ ಅದು ಬದಲಾಗಿಲ್ಲ. ಬಸ್ಸಿನ ದಾರಿ ಮಾತ್ರ ದಿನಕ್ಕೊಂದು ಕಡೆ ಬದಲಾಗುತ್ತಿದೆ, ಸೌತ್ ಎಂಡ್ ಕಡೆ ಮೆಟ್ರೋಗೆಂದು ಅಗೆಯುತ್ತಿರುವುದರಿಂದ.

ಈ ಸೆಂಟರಿನಲ್ಲಿ ಲೇಸರ್ ಶುರುವಾದದ್ದು ಐದು ವರ್ಷದ ಹಿಂದೆ. ಮೊದಲ ದಿನ ದುಂಡವ್ವನನ್ನು ಕರೆದದ್ದು ಕಾಲು ಹಿಡಿಯಲಿಕ್ಕೆ. ಮಂಚದ ಮೇಲಿನವಳು ಎಲೆಯಂತೆ ನಡುಗುತ್ತಿದ್ದಳು. ಕಾಲು ಬಿಟ್ಟು ತಲೆದೆಸೆಗೆ ಬಂದು, ನಿಮ್ಮೂರು ಯಾವುದವ್ವಾ ಎಂದು ಕೇಳಿದವರು ಹಾಗೇ ದಾರಿ ಹಿಡಿದುಬಿಟ್ಟರು. ‘‘ಅವತ್ತಿನಿಂದ ಲೇಸರ್ ಡೇಟ್ ಕೊಡೋ ಮೊದ್ಲು ನಾನು ಎರಡು ವಿಷ್ಯ ನೋಡ್ತೀನಿ, ಮಷೀನ್ ಸರಿ ಇದ್ಯಾ, ದುಂಡವ್ವ ಊರಲ್ಲಿ ಇದ್ದಾರಾ ಅಂತ’’ ಎನ್ನುತ್ತಾರೆ ಲೇಸರ್ ಮಾಡುವ ಡಾ. ಮಧುಮತಿ. ನಗುತ್ತಲೇ ಹೇಳುವ ಮಾತು, ಆದರೆ ನಗೆಯ ಮಾತಲ್ಲ.

ಇಂಥ ದುಂಡವ್ವನ ಮಾತೇ ಒಮ್ಮೆ ಕೈಕೊಟ್ಟಿತು. ಈ ಏಪ್ರಿಲಿನಲ್ಲಿ.

ತ್ಯಾಗರಾಜನಗರದಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಶರಣ್ ಅವರ ಹೆಂಡತಿ ಶ್ರೀದೇವಿಗೆ ಐದನೆಯ ತಿಂಗಳು. ಒಂದೇ ವಾರದಲ್ಲಿ ಹೊಟ್ಟೆ ಎಂಟು ತಿಂಗಳವಳ ಹಾಗೆ ಬೆಳೆದು, ಮೆಟ್ಟಿಲು ಹತ್ತಿದರೆ ಏದುಸಿರು. ಅವಳಿ ಅಲ್ಲವೇ, ದೊಡ್ಡದಾಗೇ ಇರಬೇಕು ಎಂದು ಹಿಗ್ಗಿದ್ದ ಅತ್ತೆ ಕಮಲಾದೇವಿ ಒಂದು ಶನಿವಾರ ಮಗನ ಜೊತೆ ಸೊಸೆಯನ್ನು ಸ್ಕ್ಯಾನಿಗೆ ಕರೆತರುತ್ತಾರೆ. ಕೋಣೆಯಿಂದ ಹೊರಬರುವಾಗ ಮೂವರ ಮುಖದಲ್ಲೂ ರಕ್ತವಿಲ್ಲ. ಒಂದು ಕೂಸು ಗೋಡೆಗಂಟಿದೆ. ಇನ್ನೊಂದರ ಹೃದಯ ಸೋಲುತ್ತಿದೆ. ಸೋಮವಾರವೇ ಲೇಸರ್ ಆಗಬೇಕು. ಎರಡೂ ಉಳಿಯಬಹುದು, ಒಂದು ಉಳಿಯಬಹುದು, ಒಂದೂ ಉಳಿಯದೆ ಹೋಗಬಹುದು. ಡಾಕ್ಟರು ಮುಚ್ಚುಮರೆ ಇಲ್ಲದೆ, ಕಾಗದದ ಮೇಲೆ ಚಿತ್ರ ಬರೆದು ಹೇಳಿದ್ದಾರೆ. ಆದರೆ ಭಯ ಹೊಕ್ಕ ಕಿವಿಗೆ ಮಾತು ಇಳಿಯುವುದಿಲ್ಲ.

ನೀರಿನ ಫಿಲ್ಟರ್ ಬಳಿ ಕಮಲಾದೇವಿ ದುಂಡವ್ವನ ಸೆರಗು ಹಿಡಿದು ನಿಲ್ಲಿಸುತ್ತಾರೆ. ‘‘ಡಾಕ್ಟ್ರು ಹೇಳಿದ್ದು ಒಂದೂ ತಲೆಗೆ ಹೋಗ್ಲಿಲ್ಲ ದುಂಡವ್ವಾರೆ. ನಮ್ಮಂಥೋರಿಗೆ ಅರ್ಥ ಆಗೋ ಥರ ನೀವು ಹೇಳಿ.’’

ಯಾವ ಕಡೆಯವರು ಎಂದು ದುಂಡವ್ವ ಮೊದಲು ವಿಚಾರಿಸುತ್ತಾರೆ. ಭದ್ರಾ ಕಾಲುವೆಯ ಸೀಮೆಯವರು, ಅತ್ತೆಯ ತವರೂ ಸೊಸೆಯ ತವರೂ ಮಲೇಬೆನ್ನೂರಿನ ಆಸುಪಾಸು ಎಂದು ತಿಳಿದದ್ದೇ ಹೋಲಿಕೆ ತಾನಾಗಿ ನಾಲಗೆಗೆ ಬರುತ್ತದೆ. ‘‘ಒಂದ ಕಾಲುವಿ, ಎರಡು ಗದ್ದಿ ಅಂತ ತಿಳ್ಕೊರಿ ಅಕ್ಕಾರ. ಮ್ಯಾಲಿನ ಗದ್ದ್ಯಾಗ ನೀರು ನಿಂತು ಪೈರು ಮುಳಗಾಕ ಹತ್ತೈತಿ. ಕೆಳಗಿನ ಗದ್ದಿ ಒಣಗಿ ಬಿರುಕು ಬಿಟ್ಟೈತಿ. ಡಾಕ್ಟರ ಬಾಯಾರು ಸೋಮಾರ ನಡುವಿನ ಕಳ್ಳಗಾಲುವಿ ಮುಚ್ತಾರ. ಶಿವ ಅದಾನ, ಹೆದರಬ್ಯಾಡ್ರಿ.’’

ಕಮಲಾದೇವಿಯ ಹಣೆಯ ಗೆರೆ ಸಡಿಲಾಗುತ್ತದೆ. ಈಗ ಗೊತ್ತಾಯ್ತು ಎಂದು ತಲೆದೂಗಿ ಹೋಗುತ್ತಾರೆ. ಆ ದಿನ ದುಂಡವ್ವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಚಲೋ ಹೇಳಿದೆ ಎಂದುಕೊಂಡೇ ಮನೆ ಮುಟ್ಟುತ್ತಾರೆ.

ಸೋಮವಾರ ಬೆಳಗ್ಗೆ ಶ್ರೀದೇವಿ ಬಂದಾಗ ಅವಳ ತುಟಿಯ ಸಿಪ್ಪೆ ಎದ್ದಿದೆ. ಅಂಜಿಕೆ ಎಂದುಕೊಂಡರು ದುಂಡವ್ವ. ಡ್ರಿಪ್ ಹಾಕಲು ಬಂದ ಹಿರಿಯ ನರ್ಸ್ ಸಿದ್ದಗಂಗಮ್ಮ ಎರಡು ಕೈಯಲ್ಲೂ ತಡಕಾಡಿ, ‘‘ಎಲ್ಲಮ್ಮ ಬಚ್ಚಿಟ್ಟಿದೀಯ ನರಾನೆಲ್ಲ’’ ಎಂದು ಗೊಣಗಿದ್ದೂ ಉಂಟು. ಬೆಳಗ್ಗೆ ಬರಿಹೊಟ್ಟೆಯಲ್ಲಿ ಬಂದಿದ್ದಾಳೆ, ಅದಕ್ಕಿರಬೇಕು ಎಂದು ಎಲ್ಲರೂ ಅಂದುಕೊಂಡರು. ಹುಡುಗಿ ಏನೂ ಹೇಳಲಿಲ್ಲ. ದಾರಿ ಕೇಳಿದಾಗ ಮಾತ್ರ ಕಣ್ಣರಳಿಸಿ ತವರಿನ ದಾರಿ ಒಪ್ಪಿಸಿದಳು. ಗೋಣಿಮರದ ಕೆಳಗೆ ಬಸ್ ಇಳಿಯಬೇಕು. ಸೋಮಲಿಂಗಪ್ಪನ ಹಿಟ್ಟಿನ ಗಿರಣಿ, ಸೊಸೈಟಿ ಗೋದಾಮು, ಬಸವಣ್ಣನ ಗುಡಿ. ಆಮೇಲೆ ಕಾಲುವೆ ಸೇತುವೆ. ಸೇತುವೆ ಇಳಿದು ಎಡಕ್ಕೆ ತಿರುಗಿದರೆ ಪರಮಶಿವಯ್ಯನವರ ನೀಲಿ ಬಾಗಿಲು. ಅದರ ಮುಂದಿನದೇ ಅವಳ ತವರು, ಮನೆ ಮುಂದೆ ಬೇವಿನ ಮರ. ನಿಲ್ಲಬಾರದ ಬಾಗಿಲು? ಯಾವುದೂ ಇಲ್ಲ.

ದೀಪ ಆರುತ್ತದೆ. ಪರದೆಯ ಮಬ್ಬು ಬೆಳಕಷ್ಟೇ ಉಳಿಯುತ್ತದೆ. ಡಾಕ್ಟರ ಪಾದ ಲೇಸರಿನ ಪೆಡಲ್ ಮೇಲೆ. ಪರದೆಯಲ್ಲಿ ಮಾಸಿನ ಮೈ ಬೇಸಿಗೆಯ ಹೊಳೆ ಪಾತ್ರದಂತೆ ಹರಡಿಕೊಂಡಿದೆಯಂತೆ. ದುಂಡವ್ವ ಅದನ್ನು ನೋಡುವುದಿಲ್ಲ; ಐದು ವರ್ಷದಲ್ಲಿ ಒಮ್ಮೆಯೂ ನೋಡಿಲ್ಲ. ಅವರ ಕಣ್ಣೆಲ್ಲ ತಾಯಿಯ ರೆಪ್ಪೆಯ ಮೇಲೆ. ಗೋಣಿಮರ ದಾಟಿತು. ಗಿರಣಿಯ ಮುಂದೆ ಹಿಟ್ಟಿನ ದೂಳು ಕೊಡವಿಕೊಂಡದ್ದಾಯಿತು. ಗುಡಿಯ ಮುಂದೆ ನಿಂತು ಕೈ ಮುಗಿದದ್ದಾಯಿತು. ಪೆಡಲ್ ಒತ್ತಿದ ಸದ್ದು, ಬಿಟ್ಟ ಸದ್ದು. ಒಂದು ನಾಳ ಮುಚ್ಚಿತು, ಇನ್ನೊಂದು ಮುಚ್ಚಿತು. ಶ್ರೀದೇವಿಯ ಉಸಿರು ಸಣ್ಣಗೆ ಸಮನಾಗಿ ನಡೆದಿದೆ. ದುಂಡವ್ವ ಅವಳನ್ನು ಸೇತುವೆಯ ಮೇಲೆ ಕರೆತಂದು, ಕಾಲುವೆಗೆ ನೀರು ಬಿಟ್ಟಿದ್ದಾರೆ ನೋಡು ಎಂದು, ಮೆಟ್ಟಿಲು ಇಳಿಸಿ, ಬಗ್ಗಿಸಿ, ತಣ್ಣನೆಯ ನೀರನ್ನು ಬೊಗಸೆಗೆ ತುಂಬಿಸುತ್ತಾರೆ.

ಶ್ರೀದೇವಿಯ ಗಂಟಲು ಆಡುತ್ತದೆ. ಒಮ್ಮೆ ನುಂಗುತ್ತಾಳೆ. ನುಂಗಲು ಬಾಯಲ್ಲಿ ಏನೂ ಇಲ್ಲ. ಒಣಗಂಟಲು ಹಿಡಿದುಕೊಂಡು ಕೆಮ್ಮು ನುಗ್ಗುತ್ತದೆ.

ಹೊಟ್ಟೆ ಎಗರುತ್ತದೆ. ಡಾಕ್ಟರ ಪಾದ ಪೆಡಲಿನಿಂದ ಮೇಲೇಳುತ್ತದೆ. ಪರದೆಯಲ್ಲಿ ಬರೀ ಮಂಜು.

ಅಲುಗಬೇಡ ಎಂದು ಡಾಕ್ಟರು ಮೆಲ್ಲಗೆ ಹೇಳುತ್ತಾರೆ. ನೀರು ಕುಡಿದು ಎಷ್ಟು ಹೊತ್ತಾಯಿತು ಎಂದು ಕೇಳುತ್ತಾರೆ.

‘‘ಶನಿವಾರದಿಂದ ಕುಡಿದಿಲ್ಲ ಮೇಡಂ. ಬಾಯಿ ಒದ್ದೆ ಮಾಡ್ಕೊಳೋಕೆ ಚಮಚದಲ್ಲಿ ಕೊಡ್ತಿದ್ರು ಅಷ್ಟೇ. ಮೇಲಿನ ಗದ್ದೆ ಮುಳುಗ್ತಾ ಇರೋವಾಗ ತೂಬು ಮುಚ್ಬೇಕು ಅಂದ್ರು ಅತ್ತೆ.’’

ಕಾಲುವೆ ಸೀಮೆಯ ಯಾವ ಒಕ್ಕಲಿತಿಗಾದರೂ ಗೊತ್ತಿರುವ ವಿಚಾರ ಅದು. ಗದ್ದೆ ಮುಳುಗುವಾಗ ನಡುವಿನ ಬದು ನೋಡುತ್ತ ಕೂರುವುದಿಲ್ಲ. ಮೊದಲು ಕಾಲುವೆಯಿಂದ ನೀರು ಬಿಡುವ ಮೇಲಿನ ತೂಬು ಮುಚ್ಚುತ್ತಾರೆ. ಕಮಲಾದೇವಿ ಮನೆಗೆ ಹೋಗಿ ಮಾಡಿದ್ದು ಅದನ್ನೇ. ಒಳಗೆ ನೀರು ಹೆಚ್ಚಾಗಿದೆ, ಹೊರಗಿಂದ ಹೋಗುವ ನೀರು ನಿಲ್ಲಿಸಬೇಕು. ನೀರು, ಮಜ್ಜಿಗೆ, ಸಾರು ಎಲ್ಲಕ್ಕೂ ತಡೆ. ಏಪ್ರಿಲ್ ಬಿಸಿಲಿನಲ್ಲಿ ಎರಡು ದಿನ ಸೊಸೆಗೆ ಒಣ ಅವಲಕ್ಕಿ. ದುಂಡವ್ವ ಕೊಟ್ಟ ಹೋಲಿಕೆಯಲ್ಲಿ ಕಾಲುವೆ ಇತ್ತು, ಗದ್ದೆ ಇತ್ತು. ಕೇಳಿದಾಕೆ ಅದಕ್ಕೊಂದು ತೂಬು ಸೇರಿಸಿಕೊಂಡಿದ್ದರು.

ಕತ್ತಲಲ್ಲಿ ಡಾಕ್ಟರ ಮಾತು ನೇರವಾಗಿ, ಸಣ್ಣದಾಗಿ ಬರುತ್ತದೆ. ಡ್ರಿಪ್ ಜೋರು ಮಾಡಿ. ತುಟಿಗೆ ಒದ್ದೆ ಹತ್ತಿ ಇಡಿ. ಇನ್ನೂ ಮೂರು ನಾಳ ಬಾಕಿ ಇದೆ. ‘‘ದುಂಡವ್ವ, ಮಾತಾಡಿ.’’

ದುಂಡವ್ವನ ನಾಲಗೆ ಏಳುವುದಿಲ್ಲ. ಹತ್ತಿಯನ್ನು ನೀರಿಗದ್ದಿ ಹಿಡಿದಿದ್ದಾರೆ ಅಷ್ಟೇ. ಮೇಲಿನ ಕೂಸಿನ ಸೋತ ಹೃದಯ, ಕೆಳಗಿನ ಕೂಸಿನ ಬತ್ತಿದ ಮೈ, ನಡುವೆ ನೀರಿಲ್ಲದ ತಾಯಿ. ತನ್ನ ಬಾಯಿಂದ ಹೊರಟ ಮಾತು ಎಲ್ಲೆಲ್ಲಿ ಹೊಕ್ಕು ಬಂತು ಎಂಬುದೊಂದೇ ತಲೆಯಲ್ಲಿ. ಶಿವನೇ ಎಂಬ ಮಾತೂ ಹೊರಡುವುದಿಲ್ಲ.

‘‘ಆಂಟಿ,’’ ಎನ್ನುತ್ತಾಳೆ ಶ್ರೀದೇವಿ, ತುಟಿ ಅಲುಗಿಸದ ಹಾಗೆ. ‘‘ಸೇತುವೆ ಮೇಲೇ ನಿಲ್ಸಿಬಿಟ್ರಲ್ಲ ನನ್ನ.’’

ದುಂಡವ್ವ ಒದ್ದೆ ಹತ್ತಿಯನ್ನು ಅವಳ ತುಟಿಗೊತ್ತಿ, ಒಂದು ಉಸಿರು ಎಳೆದುಕೊಂಡು, ಕಾಲುವೆ ಹಿಂದಕ್ಕಿರಲಿ ತಂಗಿ, ನಾವು ಎಡಕ್ಕೆ ಹೋಗೋಣ ಎನ್ನುತ್ತಾರೆ. ಮುಂದೆ ಹೇಳಿದ್ದೇನೆಂದು ಅವರಿಗೆ ಇವತ್ತಿಗೂ ಪೂರಾ ನೆನಪಿಲ್ಲ. ಸೇತುವೆಯಿಂದ ನೀಲಿ ಬಾಗಿಲಿನವರೆಗೆ ಇರುವುದು ಗೇಣುದ್ದದ ದಾರಿ. ಅದರಲ್ಲೇ ಎಷ್ಟು ಗೋಡೆ, ಗೋಡೆಗೆ ಒರಗಿಸಿಟ್ಟ ಎಷ್ಟು ನೊಗ, ಒಣಹಾಕಿದ ಎಷ್ಟು ಮೆಣಸಿನಕಾಯಿ ಬಂದುವೋ. ಪೆಡಲ್ ಮೂರು ಸಲ ಒತ್ತಿದ ಸದ್ದು ಮಾತ್ರ ನೆನಪಿದೆ. ಕೊಳವೆ ಹೊರತೆಗೆದು, ಹೆಚ್ಚಾದ ನೀರನ್ನು ಬಾಟಲಿಗಿಳಿಸುವ ಹೊತ್ತಿಗೆ ಇಬ್ಬರೂ ಪರಮಶಿವಯ್ಯನವರ ನೀಲಿ ಬಾಗಿಲ ಮುಂದೆ ನಿಂತಿದ್ದರು.

ಹೊರಗೆ ಬೆಂಚಿನ ಮೇಲೆ ಕಮಲಾದೇವಿ ಜಪಮಣಿ ಹಿಡಿದು ಕೂತಿದ್ದಾರೆ. ಅವರಿಗೆ ತಾನೇ ಹೇಳುತ್ತೇನೆ ಎಂದು ದುಂಡವ್ವ ಡಾಕ್ಟರನ್ನು ಕೇಳಿಕೊಂಡು ಬಂದಿದ್ದಾರೆ. ಆ ನೀರು ಬೇರೆ, ಕುಡಿಯುವ ನೀರು ಬೇರೆ. ಕುಡಿಯುವುದನ್ನು ನಿಲ್ಲಿಸಿದರೆ ಒಳಗಿನ ಪ್ರವಾಹ ಇಳಿಯುವುದಿಲ್ಲ, ತಾಯಿ ಒಣಗುತ್ತಾಳೆ ಅಷ್ಟೇ. ಹೋಲಿಕೆ ಅರ್ಧ ಹೇಳಿ ಬಿಟ್ಟವಳು ನಾನು ಎಂದು ಒಂದೂ ಮುಚ್ಚಿಡದೆ ಹೇಳುತ್ತಾರೆ. ಬೈಗುಳಕ್ಕೆ ತಲೆ ಬಾಗಿಸಿ ನಿಲ್ಲುತ್ತಾರೆ.

ಕಮಲಾದೇವಿ ಬೈಯುವುದಿಲ್ಲ. ಅವರ ತುಟಿಯ ಸಿಪ್ಪೆಯೂ ಎದ್ದಿರುವುದನ್ನು ದುಂಡವ್ವ ಆಗ ನೋಡುತ್ತಾರೆ.

‘‘ನಾನೇ ಅವಳ ಕೈಯಿಂದ ಚೊಂಬು ಕಿತ್ಕೊಂಡೆ ದುಂಡವ್ವಾರೆ. ಕಿತ್ಕೊಂಡ್ಮೇಲೆ ನಾನು ಹೆಂಗೆ ಕುಡೀಲಿ? ನಾನೂ ಕುಡೀಲಿಲ್ಲ.’’

ದುಂಡವ್ವ ಫಿಲ್ಟರಿನಿಂದ ಲೋಟ ತುಂಬಿ ತಂದು ಅವರ ಕೈಗೆ ಕೊಡುತ್ತಾರೆ. ಸೊಸೆ ಮೊದಲು ಕುಡಿಯಲಿ ಎಂದು ಅವರು. ಆಕೆಗೆ ಸೂಜಿಯಲ್ಲಿ ಹೋಗ್ತಾ ಇದೆ, ನೀವು ಕುಡೀರಿ ಎಂದು ಇವರು. ಬಾಗಿಲ ಬಳಿ ನಿಂತ ಶರಣ್‌ಗೆ ಈ ಇಬ್ಬರಲ್ಲಿ ಯಾರನ್ನು ಸಮಾಧಾನ ಮಾಡಬೇಕೆಂದು ತಿಳಿಯುವುದಿಲ್ಲ.

ನೀರು ಕುಡಿಯದ್ದರಿಂದ ಕೂಸುಗಳಿಗೆ ಏನಾದರೂ ಆಗಿದೆಯೇ? ದುಂಡವ್ವ ಅಂದು ಸಂಜೆಯೊಳಗೆ ಡಾಕ್ಟರನ್ನು ಬೇರೆ ಬೇರೆ ಬಗೆಯಲ್ಲಿ ಇದೊಂದನ್ನೇ ಕೇಳುತ್ತಾರೆ. ಕಾಯಿಲೆ ಬಂದದ್ದು ಅದರಿಂದ ಅಲ್ಲ ಎನ್ನುತ್ತಾರೆ ಡಾಕ್ಟರು. ಲೇಸರ್ ಆದ ಮರುದಿನ ಎರಡು ಹೃದಯ ಕಂಡರೆ ಅದು ಮೊದಲ ಮೆಟ್ಟಿಲು. ಅಷ್ಟೇ ಹೇಳಬಲ್ಲೆ ಎನ್ನುತ್ತಾರೆ.

ಮರುದಿನ ಪರದೆಯಲ್ಲಿ ಎರಡೂ ಮಿಡಿಯುತ್ತಿವೆ. ಆದರೆ ಹಾದಿ ಮುಗಿದಿಲ್ಲ. ಮೇಲಿನ ಕೂಸಿನ ಕವಾಟ ಇನ್ನೂ ಸೋರುತ್ತಿದೆ. ಇಷ್ಟು ದಿನ ಕೊಟ್ಟೇ ಅಭ್ಯಾಸವಿದ್ದ ಕೆಳಗಿನ ಕೂಸಿಗೆ, ತನ್ನ ರಕ್ತವೆಲ್ಲ ಒಮ್ಮೆಲೇ ತನಗೇ ಉಳಿದದ್ದರಿಂದ ಅದರ ಹೃದಯವೂ ದಣಿದಂತಿದೆ. ಎರಡು ಹೃದಯಗಳೂ ಹೊಸ ಬದುಕನ್ನು ಕಲಿಯಬೇಕು. ವಾರ ವಾರ ಬಂದು ತೋರಿಸಬೇಕು.

ಆ ವಾರಗಳಲ್ಲಿ ದುಂಡವ್ವನಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಗುಡಿಸಿದ್ದನ್ನೇ ಗುಡಿಸುತ್ತಾರೆ. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬರುತ್ತಾರೆ. ಯಾರಾದರೂ ಸೆರಗು ಹಿಡಿದು, ಸ್ವಲ್ಪ ಬಿಡಿಸಿ ಹೇಳಿ ಆಂಟಿ ಎಂದರೆ, ಡಾಕ್ಟರನ್ನೇ ಕೇಳ್ರಿ ಎಂದು ಕೈ ಮುಗಿದು ಸರಿಯುತ್ತಾರೆ. ‘‘ಮುಂಜಾನಿಂದ ಸಂಜೀಮಟ ಮಾತು ಮಾರಿ ಬರ್ತಿದ್ಲು. ಈಗ ಅಂಗಡಿ ಮುಚ್ಚ್ಯಾಳ’’ ಎಂದು ದ್ಯಾಮಣ್ಣ ನೆರೆಮನೆಯವರೆದುರು ನಗೆಯಾಡುತ್ತಾರೆ. ಆದರೆ ಹೆಂಡತಿಯ ತಟ್ಟೆಯ ರೊಟ್ಟಿ ಹಾಗೇ ಉಳಿಯುವುದನ್ನು ನೋಡಿ ಅವರ ನಗೆಯೂ ನಿಲ್ಲುತ್ತದೆ.

ಕೊನೆಗೆ ಡಾಕ್ಟರೇ ಕರೆದು ಕೂರಿಸುತ್ತಾರೆ. ‘‘ನಾನು ಹೇಳಿದ್ದು ಅರ್ಥ ಆಗ್ದೆ ಹೋದ್ರೆ ಜನ ನಿಮ್ಮ ಹತ್ರ ಬರ್ತಾರೆ, ದುಂಡವ್ವ. ನೀವೂ ಬಾಯಿ ಮುಚ್ಕೊಂಡ್ರೆ ಪಕ್ಕದ ಮನೆಯವರ ಹತ್ರ ಹೋಗ್ತಾರೆ. ಆಮೇಲೆ?’’

ದುಂಡವ್ವ ಎರಡು ದಿನ ಯೋಚಿಸುತ್ತಾರೆ. ಊರಲ್ಲಿ ಅವರ ಅಜ್ಜಿ ಕತೆ ಹೇಳುತ್ತಿದ್ದಾಗ ಮಕ್ಕಳು ನಡುನಡುವೆ ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ಕತೆ ನಿಲ್ಲುತ್ತಿತ್ತು. ಆದರೆ ಹೂಂ ಎಂದವರೆಲ್ಲ ಕೇಳಿದ್ದು ಅದೇ ಕತೆಯನ್ನೇ? ಅಜ್ಜಿ ಅದನ್ನು ಪರೀಕ್ಷಿಸಿರಲಿಲ್ಲ. ಕತೆಗಾದರೆ ನಡೆದೀತು. ಈಗ ದುಂಡವ್ವ ಹೋಲಿಕೆ ಹೇಳಿ ಮುಗಿಸಿದ ಮೇಲೆ ಎದುರಿನವರನ್ನು ಬಿಡುವುದಿಲ್ಲ. ‘‘ಹೌದ್ರಿ, ಈಗ ಮನೀಗ್ಹೋಗಿ ಏನೇನ್ ಮಾಡ್ತೀರಿ, ನನಗ ಹೇಳ್ರಿ’’ ಎಂದು ಕೂರಿಸಿಕೊಂಡು ಕೇಳುತ್ತಾರೆ. ಉತ್ತರಗಳು ಎಂಥೆಂಥವೋ. ಬನಶಂಕರಿಯ ಎಲೆಕ್ಟ್ರಿಷಿಯನ್ ಒಬ್ಬನಿಗೆ ಎರಡು ವೈರು ಕೂಡಿಕೊಂಡ ಹಾಗೆ ಎಂದು ಹೇಳಿದ್ದಕ್ಕೆ, ಹಾಗಾದರೆ ಲೋಡ್ ಇಳಿಸಬೇಕು, ಒಂದು ಹೊತ್ತಿನ ಊಟ ಬಿಡಿಸುತ್ತೇನೆ ಎಂದನಂತೆ. ದುಂಡವ್ವ ಅವನನ್ನು ಮತ್ತೆ ಕೂರಿಸಿ, ವೈರು ಕಿತ್ತುಹಾಕಿ, ಬೇರೆ ಹೋಲಿಕೆ ಹಿಡಿದರು. ಡಾ. ಮಧುಮತಿಯವರೂ ಈಗ ಚಿತ್ರ ಬರೆದು ತೋರಿಸಿದ ಮೇಲೆ ಅದೇ ಪ್ರಶ್ನೆ ಕೇಳುತ್ತಾರೆ.

ಶ್ರೀದೇವಿಯ ವಾರಗಳು ಒಂದೊಂದಾಗಿ ದಾಟಿದವು. ಕೆಳಗಿನ ಕೂಸಿನ ಸುತ್ತ ಮೊದಲು ಬೆರಳಗಲ ನೀರು, ಆಮೇಲೆ ಕಾಲು ಚಾಚುವಷ್ಟು. ಮೇಲಿನ ಕೂಸಿನ ಕವಾಟದ ಸೋರಿಕೆ ತಗ್ಗಿತು. ಒಂದು ವಾರ ಮತ್ತೆ ಹೆಚ್ಚಿದಂತೆ ಕಂಡು ಎಲ್ಲರ ಎದೆ ಹಾರಿಸಿತು. ಮುಂದಿನ ವಾರ ಇಳಿಯಿತು. ಜೂನಿನಲ್ಲಿ ಡಾಕ್ಟರು ಎರಡು ಹೃದಯಗಳನ್ನೂ ಬಹಳ ಹೊತ್ತು ನೋಡಿ, ಕುರ್ಚಿಗೆ ಬೆನ್ನು ಕೊಟ್ಟು, ಸೋರಿಕೆ ಕಾಣ್ತಿಲ್ಲ ಎಂದರು. ಹೊರಗೆ ಕಮಲಾದೇವಿ ಚೀಲದಿಂದ ದೊಡ್ಡ ಬಾಟಲಿ ತೆಗೆದು ಸೊಸೆಯ ಕೈಗಿಟ್ಟು, ಅವಳು ಗಟಗಟ ಕುಡಿಯುವುದನ್ನು ದುಂಡವ್ವನಿಗೆ ತೋರಿಸಿದರು. ‘‘ನೋಡಿ ದುಂಡವ್ವಾರೆ, ತೂಬು ಎತ್ತಿದೀನಿ.’’ ಎರಡು ತಿಂಗಳ ಮೇಲೆ ದುಂಡವ್ವ ನಕ್ಕದ್ದು ಅವತ್ತು.

ಜುಲೈನಲ್ಲಿ ಹೆರಿಗೆ ಆಯಿತು. ದಿನ ತುಂಬುವ ಮೊದಲೇ ಬಂದ ಹೆಣ್ಣುಮಕ್ಕಳು. ಒಂದು ದೊಡ್ಡದು, ಒಂದು ಗುಬ್ಬಿಯಂಥದು. ಮಕ್ಕಳ ಹೃದಯದ ಡಾಕ್ಟರು ಇಬ್ಬರನ್ನೂ ಪರೀಕ್ಷಿಸಿದ್ದಾರೆ. ದೊಡ್ಡದನ್ನು ಆಗಾಗ ತಂದು ತೋರಿಸಬೇಕೆಂದಿದ್ದಾರೆ. ಕೆಲವು ವಾರ ಆಸ್ಪತ್ರೆಯಲ್ಲಿದ್ದು, ಈಗ ತಾಯಿಮಕ್ಕಳು ತವರಿನಲ್ಲಿದ್ದಾರೆ. ನಾಳೆ ಭಾನುವಾರ ಅಲ್ಲಿ ತೊಟ್ಟಿಲು ಶಾಸ್ತ್ರ. ಕಮಲಾದೇವಿ ಫೋನಿನಲ್ಲಿ ಕರೆದು, ನೀವು ಬರದೆ ತೊಟ್ಟಿಲು ತೂಗುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಬಸ್ ಸ್ಟ್ಯಾಂಡಿಗೆ ಶರಣ್ ಬಂದು ಕರೆದೊಯ್ಯುತ್ತಾನೆ ಎಂದದ್ದಕ್ಕೆ ದುಂಡವ್ವ ಒಪ್ಪಿಲ್ಲ.

ಇವತ್ತಿನ ಲೇಸರ್ ಮುಗಿದಿದೆ. ಕನಕಪುರದ ಕಡೆಯ ಹುಡುಗಿ. ಅವಳನ್ನು ರೇಷ್ಮೆ ಹುಳುವಿನ ಮನೆಯೊಂದರ ಪಕ್ಕ ತಂದು ನಿಲ್ಲಿಸಿ ಬಂದಿದ್ದಾರೆ. ಅವಳ ಒಡಲಿನ ಎರಡು ಹೃದಯಗಳ ಸುದ್ದಿ ನಾಳೆ ತಿಳಿಯಬೇಕು. ತಾನು ಬಸ್ಸಿನಲ್ಲಿರುವಾಗಲೇ ಫೋನ್ ಮಾಡಿ ಹೇಳಬೇಕೆಂದು ಸಿದ್ದಗಂಗಮ್ಮನಿಗೆ ತಾಕೀತು ಮಾಡಿದ್ದಾರೆ. ಡಬ್ಬಿಯಿಂದ ಬಳೆ ತೆಗೆದು ತೊಡುತ್ತಾರೆ, ಚೀಲದ ಜಿಪ್ ಎಳೆಯುತ್ತಾರೆ, ಏನೋ ಮರೆತೆನೆಂದು ಮತ್ತೆ ಬಿಚ್ಚುತ್ತಾರೆ. ಒಳಗೆ ಎರಡು ಕುಲಾವಿ, ಎರಡು ಕರಿಮಣಿ ದಾರ.

ಕರೆದೊಯ್ಯಲು ಬಂದ ದ್ಯಾಮಣ್ಣನಿಗೆ ಕೆಣಕದಿದ್ದರೆ ಸಮಾಧಾನವಿಲ್ಲ. ಆ ಊರಿಗೆ ಹೋಗಿ ಇಳಿದಾಗ ಗೋಣಿಮರವೇ ಇಲ್ಲದಿದ್ದರೆ ಏನು ಮಾಡುತ್ತೀ ಎಂದು ಕೇಳುತ್ತಾರೆ.

‘‘ಇರತೈತಿ’’ ಎನ್ನುತ್ತಾರೆ ದುಂಡವ್ವ. ಚೀಲವನ್ನು ಮಡಿಲಿಗೆಳೆದುಕೊಂಡು ಬಾಗಿಲ ಕಡೆ ನೋಡುತ್ತಾರೆ. ‘‘ಬಸ್ ಇಳದು ಯಾರನ್ನೂ ದಾರಿ ಕೇಳೂದಿಲ್ಲ. ನೀಲಿ ಬಾಗಲದ ಮುಂದ ಒಂದ ಗಳಿಗಿ ನಿಂದರ್ತೀನಿ. ಅಲ್ಲಿಮಟ ನಾ ಎಲ್ಲಾರನೂ ಮುಟ್ಟಿಸೇನ್ರಿ. ಅದರಾಚಿ ಮನೀ ಮಾತ್ರ ಇನ್ನಾ ಒಂದೂ ನೋಡಿಲ್ಲ.’’